ಅತ್ತಿಗೆಯ ಅಂಗಡಿಗೆ ಆರಕ್ಕೆ ಆರು

ಕೆಲವು ಬಿಸಿನೆಸ್ ಸ್ಕೂಲುಗಳ ಪ್ರವೇಶ ಪರೀಕ್ಷೆಯಲ್ಲಿ ಒಂದು ಪ್ರಬಂಧ ಬರೆಯಬೇಕಾಗುತ್ತದೆ. ಶಾಲೆಯಲ್ಲಿ ಬರೆಯುತ್ತಿದ್ದಂಥ ಪ್ರಬಂಧವಲ್ಲ. ಕಂಪ್ಯೂಟರಿನ ಮೇಲೆ ಯಾರದೋ ಒಂದು ವಾದವನ್ನು ನಾಲ್ಕೈದು ಸಾಲಿನಲ್ಲಿ ಕೊಟ್ಟಿರುತ್ತಾರೆ. ಒಬ್ಬ ಹೋಟೆಲ್ ಮಾಲೀಕನಿಗೆ ಒಂದೂರಿನಲ್ಲಿ ಒಳ್ಳೆಯ ವ್ಯಾಪಾರ ಆಯಿತು, ಹಾಗಾಗಿ ಪಕ್ಕದೂರಿನಲ್ಲಿ ತೆರೆದರೂ ಆಗುತ್ತದೆ, ಇಂಥವು. ಆ ವಾದ ಎಲ್ಲಿ ಸಡಿಲ, ಬಾಯಿಬಿಟ್ಟು ಹೇಳದೆ ಏನನ್ನು ನಂಬಿಕೊಂಡಿದೆ, ಯಾವುದಕ್ಕೆ ಪುರಾವೆ ಇಲ್ಲ ಎಂದು ಅರ್ಧ ಗಂಟೆಯಲ್ಲಿ ಇಂಗ್ಲಿಷಿನಲ್ಲಿ ಬರೆದು ತೋರಿಸಬೇಕು. ಹೋಟೆಲ್ ತೆರೆಯಬೇಕೋ ಬೇಡವೋ ಎಂದು ಯಾರೂ ಕೇಳುವುದಿಲ್ಲ. ಬಿರುಕು ಹುಡುಕಿದಷ್ಟೂ ಅಂಕ. ಅಂಕ ಇರುವುದು ಆರು.

ಬಳ್ಳಾರಿಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಭಾನುವಾರಗಳಂದು ನಾನು ಇದನ್ನು ಹೇಳಿಕೊಡುತ್ತೇನೆ. ಉಳಿದ ದಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ. ಗಣಿತಕ್ಕೆ ಬೇರೆ ಕಡೆ ಹೋಗುವ ಹುಡುಗ ಹುಡುಗಿಯರು ಪ್ರಬಂಧಕ್ಕೆ ಮಾತ್ರ ನನ್ನ ಬಳಿ ಬರುತ್ತಾರೆ. ನಾನು ಹೆಚ್ಚು ಮಾತಿನವಳಲ್ಲ. ಮನೆಯಲ್ಲಿ ಹಿರಿಯರ ಎದುರು ತಪ್ಪು ಎನಿಸಿದ್ದನ್ನು ತಪ್ಪು ಎಂದವಳಲ್ಲ. ಬಹುಶಃ ಅದಕ್ಕೇ ಈ ಪಾಠ ನನಗೆ ಇಷ್ಟ. ಕಾಗದದ ಮೇಲೆ ಎಲ್ಲವನ್ನೂ ಅನ್ನಬಹುದು.

ಸಿರುಗುಪ್ಪದಿಂದ ಒಬ್ಬಳು ಬರುತ್ತಿದ್ದಳು. ಬಿ.ಕಾಂ. ಮುಗಿಸಿದ್ದಳು. ತಂದೆ ಭತ್ತದ ವ್ಯಾಪಾರಿ. ಇಂಗ್ಲಿಷ್ ಚೆನ್ನಾಗಿತ್ತು, ತಲೆ ಚುರುಕಾಗಿತ್ತು, ಆದರೆ ಮೊದಮೊದಲು ಅವಳ ಪ್ರಬಂಧಗಳಿಗೆ ಮೂರರ ಮೇಲೆ ಕೊಡಲು ಆಗುತ್ತಿರಲಿಲ್ಲ. ಎರಡು ಬಿರುಕು ಸರಿಯಾಗಿ ಹುಡುಕುವಳು. ಕೊನೆಗೆ ಬಂದು, ಬರೆದವರು ಅನುಭವಸ್ಥರು, ಯೋಚಿಸಿಯೇ ಹೇಳಿರುತ್ತಾರೆ ಎಂದು ಒಂದು ಸಾಲು ಸೇರಿಸಿ ಎಲ್ಲವನ್ನೂ ಮುಚ್ಚಿಬಿಡುವಳು.

"ಈ ಕೊನೀ ಸಾಲು ಯಾಕ?" ಎಂದೆ.

"ಅವರು ಯಾರೋ ಏನೋ ಮೇಡಂ. ದೊಡ್ಡೋರು ಇರಬಹುದು. ಒಮ್ಮಿಗೇ ತಪ್ಪು ಅಂತ ಹೆಂಗ ಬರೀಲ್ರಿ?"

"ಅವರು ಯಾರೂ ಅಲ್ಲ. ಪರೀಕ್ಷಾದವರು ಹುಟ್ಟಿಸಿದ ಮನಷಾ."

"ಹುಟ್ಟಿಸಿದ್ರೂ ಮನಷಾನ ಅಲ್ಲೇನ್ರಿ?"

ನಕ್ಕೆ. ನಕ್ಕ ಮೇಲೆ ಒಂದು ಉಪಾಯ ಹೇಳಿದೆ. ಪುಸ್ತಕದ ವಾದಗಳನ್ನು ಬಿಡು, ಮನೆಯಲ್ಲಿ, ಬಸ್ಸಿನಲ್ಲಿ, ಓಣಿಯಲ್ಲಿ ಯಾರಾದರೂ ಹೇಳಿದ ಒಂದು ವಾದ ತೆಗೆದುಕೊಂಡು ಬಾ, ಅದನ್ನು ಬಿಚ್ಚಿ ಬರಿ, ರೂಢಿಯಾಗುತ್ತದೆ.

ಒಂದು ವಾರ ಗೊಬ್ಬರದ ಅಂಗಡಿಯವನ ಮಾತು ತಂದಳು. ಮುಂದಿನ ವಾರ ತನ್ನ ಅತ್ತಿಗೆಯ ಮಾತು ತಂದಳು. ಅಣ್ಣನ ಹೆಂಡತಿ. ಕುರುಗೋಡಿನವಳು. ಸಿರುಗುಪ್ಪದ ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ಕೈ ತುಂಬ ಕೆಲಸ ಬರುತ್ತಿತ್ತು. ಕುರುಗೋಡಿನಲ್ಲಿ ತವರಿನವರ ಪರಿಚಯದ ಒಂದು ಮಳಿಗೆ ಖಾಲಿಯಾಗಿದೆ, ಇಲ್ಲಿ ಇಷ್ಟು ನಡೆದ ಮೇಲೆ ಅಲ್ಲೂ ನಡೆಯುತ್ತದೆ, ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತೇನೆ ಎಂಬುದು ಅವಳ ವಾದ. ಗಂಡ ಹೂಂ ಎಂದಿದ್ದ. ಮಾವನವರು ಇನ್ನೂ ಏನೂ ಹೇಳಿರಲಿಲ್ಲ.

ನೋಡಿ, ಪರೀಕ್ಷೆಯ ಹೋಟೆಲ್ ಮಾಲೀಕನ ವಾದವೇ. ನನಗೆ ಎಷ್ಟು ಖುಷಿಯಾಯಿತೆಂದರೆ, ಅವಳು ಎಲ್ಲರನ್ನೂ ಬಿಟ್ಟು ಈ ವಾದವನ್ನೇ ಏಕೆ ತಂದಳೆಂದು ನಾನು ಕೇಳಲಿಲ್ಲ. ಅಪ್ಪನ ಮಾತು ತರಲಿಲ್ಲ, ಅಣ್ಣನದು ತರಲಿಲ್ಲ, ಅವ್ವನದು ತರಲಿಲ್ಲ. ಆ ಮನೆಯಲ್ಲಿ ಎದುರಾಡಿದರೆ ನಡೆಯುವ ಮಾತು ಒಬ್ಬಳದೇ ಇತ್ತು.

ಪ್ರಬಂಧ ಬಹಳ ಚೆನ್ನಾಗಿತ್ತು. ಓಣಿಯ ಹೆಂಗಸರು ಬರುವುದು ಹೊಲಿಗೆಗೋ ಪರಿಚಯಕ್ಕೋ? ಕುರುಗೋಡಿನಲ್ಲಿ ಈಗಾಗಲೇ ಹೊಲಿಯುವವರು ಎಷ್ಟಿದ್ದಾರೆ? ಮನೆಯಲ್ಲಿ ಬಾಡಿಗೆ ಇಲ್ಲ, ಮಳಿಗೆಗೆ ಇದೆ. ಕೊನೆಯಲ್ಲಿ ಮೆತ್ತಗಿನ ಸಾಲು ಇರಲಿಲ್ಲ. ನಾನು ಕೆಳಗೆ ಆರಕ್ಕೆ ಆರು ಎಂದು ಬರೆದೆ. ಹೀಗೇ ಬರಿ ಎಂದೂ ಬರೆದೆ.

ಮುಂದಿನ ಭಾನುವಾರ ಅವಳು ಮೆಟ್ಟಿಲು ಹತ್ತುವಾಗಲೇ ಮಾತು ಶುರು ಮಾಡಿದ್ದಳು. "ಮೇಡಂ, ನಮ್ಮಪ್ಪಾಜಿ ಭಾಳ ಖುಷಿ ಆದ್ರು. ಊಟಕ್ಕ ಕುಂತಾಗ ಎಲ್ಲಾ ಕನ್ನಡದಾಗ ಹೇಳು ಅಂದ್ರು. ಹೇಳಿದೆ. ಅಣ್ಣನೂ ಹೌದಲ್ಲ ಅಂದ. ಅತ್ತಿಗಿ ಅಂಗಡಿ ಕ್ಯಾನ್ಸಲ್!"

ಅತ್ತಿಗೆ ಅಲ್ಲಿದ್ದಳೇ ಎಂದು ಕೇಳಿದೆ.

"ಆಕಿನ ಬಡಸ್ತಿದ್ಲಲ್ರಿ."

ನಗುತ್ತಲೇ ಹೇಳಿದಳು, ಆದರೆ ಬ್ಯಾಗಿನ ಜಿಪ್ಪನ್ನು ಎಳೆಯುತ್ತಲೇ ಇದ್ದಳು. ನಾನು ಮುಂದಿನ ಪ್ರಬಂಧ ತೆಗೆ ಎಂದೆ.

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ಬಾಗಿಲಲ್ಲಿ ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದಾದ ಹೆಂಗಸು, ಕೈಯಲ್ಲಿ ಲೈನಿಂಗ್ ಬಟ್ಟೆ ತುಂಬಿದ ಚೀಲ.

"ಮೇಡಂ ಅಂದ್ರ ನೀವೇನ್ರಿ? ಸಣ್ಣಾಕಿ ಅದೀರಿ, ನಾ ಕನ್ನಡಕ ಹಾಕ್ಕೊಂಡ ಮುದುಕಿ ಅಂತ ಮಾಡಿದ್ದೆ. ನಾ ಸಿರುಗುಪ್ಪದಿಂದ ಬಂದೀನಿ. ನೀವು ಮಾರ್ಕ್ಸ್ ಹಾಕಿದ್ರಲ್ಲ, ಆ ಅಂಗಡಿ ನಂದ."

ಕುಂದ್ರಿ ಎಂದೆ. ನೀರು ಕೊಟ್ಟೆ.

"ಜಗಳಕ್ಕ ಬಂದಿಲ್ರಿ, ಹೆದರಬ್ಯಾಡ್ರಿ," ಎಂದು ನೀರು ಕುಡಿದಳು. "ಆಕಿ ಬರದದ್ದು ಸುಳ್ಳು ಅಂತ ನಾ ಅನ್ನಂಗಿಲ್ಲ. ಅಲ್ಲಿ ಟೇಲರ್ ಎಷ್ಟು ಮಂದಿ ಅದಾರ ಅಂತ ನಾ ಏನು ಎಣಿಸೀನಿ? ಇಲ್ಲ. ನಡೀಲಿಕ್ಕಿಲ್ಲ, ಯಾರಿಗೆ ಗೊತ್ತು. ಆದ್ರ ಮೇಡಂ, ನಮ್ಮ ಮಾವಾರು ಭತ್ತ ಹಿಡೀತಾರ. ಒಮ್ಮಿ ಲಾಭ, ಒಮ್ಮಿ ಲುಕ್ಸಾನ. ಅವರಿಗೆ ಯಾರು ಮಾರ್ಕ್ಸ್ ಹಾಕ್ಯಾರ? ನನಗೊಬ್ಬಾಕಿಗೇ ಪರೀಕ್ಷಾ ಏನ್ರಿ?"

ತಪ್ಪಾಯಿತು ಎನ್ನಬೇಕೆಂದುಕೊಂಡೆ. ಬಾಯಿಗೆ ಬಂದದ್ದು, "ಅದು ಬರೇ ಪ್ರಾಕ್ಟೀಸಿಗೆ ಬರದದ್ದು," ಎಂದು.

"ಅದನ್ನ ನಮ್ಮ ಮಾವಾರಿಗೆ ಹೇಳ್ರಿ. ಬಳ್ಳಾರಿ ಮೇಡಂ ಒಪ್ಯಾರ ಅಂತ ಓಣಿಗೆಲ್ಲಾ ಹೇಳ್ಕೊಂತ ಅಡ್ಡಾಡ್ತಾರ. ನೀವಾ ಬಂದು, ಪರೀಕ್ಷಾಕ್ಕ ಬರದದ್ದು, ಅಂಗಡಿಗೆ ಬರದದ್ದಲ್ಲ ಅಂದ್ರ ಸಾಕು. ಆ ಮಳಿಗಿ ಇನ್ನೂ ಖಾಲಿ ಐತಿ. ಭಾಳ ದಿನ ಇರಂಗಿಲ್ಲ."

ಬರುತ್ತೇನೆ ಎಂದೆ. ಯಾರ ಮನೆಗೂ ಹಾಗೆ ಹೋದವಳಲ್ಲ ನಾನು. ಆದರೂ ಆ ವಾರವೇ ಕಾಲೇಜಿಗೆ ರಜೆ ಹಾಕಿ ಸಿರುಗುಪ್ಪದ ಬಸ್ ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಪ್ರಬಂಧದ ಹಾಗೆ ಜೋಡಿಸಿಕೊಂಡೆ.

ಅವರು ತೋರಿಸಿದ ಮರ್ಯಾದೆ ನನ್ನನ್ನು ಇನ್ನಷ್ಟು ಕುಗ್ಗಿಸಿತು. ತಂದೆ ಎದ್ದು ನಿಂತು ಕೈಮುಗಿದು ಬರ್ರಿ ಬರ್ರಿ ಎಂದರು. ಮಗ ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟುಕೊಟ್ಟ. ನನ್ನ ವಿದ್ಯಾರ್ಥಿನಿ ಬಾಗಿಲ ಪಕ್ಕ ನಿಂತಿದ್ದಳು. ಚಹಾ ತಂದ ಅತ್ತಿಗೆ ನನ್ನನ್ನು ಮೊದಲ ಸಲ ನೋಡುವವಳಂತೆ ನೋಡಿ ಒಳಗೆ ಹೋದಳು.

ನಾನು ಹೇಳಿದೆ. ಆ ಪರೀಕ್ಷೆಯ ನಿಯಮವೇ ತಪ್ಪು ಹುಡುಕುವುದು, ಒಳ್ಳೆಯದನ್ನು ಹುಡುಕು ಎಂದಿದ್ದರೆ ಇವಳೇ ಅದನ್ನೂ ಹುಡುಕುತ್ತಿದ್ದಳು, ಅದು ಅರ್ಧ ಮಾತು, ಅದನ್ನು ನಂಬಿ ಒಂದು ಅಂಗಡಿ ನಿಲ್ಲಿಸಬಾರದು ಎಂದೆ.

ತಂದೆ ತಲೆದೂಗಿದರು. "ನೀವು ದೊಡ್ಡ ಮನಸಿನೋರು, ಹಂಗಂತೀರಿ." ಮಗಳ ಕಡೆ ತಿರುಗಿದರು. "ಏನವ್ವಾ, ನಿಮ್ಮ ಮೇಡಂ ಮಾತಿನಾಗೂ ಒಂದು ತಪ್ಪು ತಗಿ ನೋಡೋಣು."

ಎಲ್ಲರೂ ನಕ್ಕರು. ಅವಳು ಬ್ಯಾಡ್ರಿ ಎಂದಳು. ತಂದೆ ಬಿಡಲಿಲ್ಲ. ಅವಳು ನೆಲ ನೋಡುತ್ತಾ, ಮೆಲ್ಲಗೆ, "ಮೇಡಂ ಅಂಗಡಿ ನಡೀತೈತಿ ಅಂತ ಹೇಳಿಲ್ಲ. ನಾ ಬರದದ್ದು ಅರ್ಧ ಅಂತ ಅಷ್ಟಾ ಹೇಳ್ಯಾರ. ಅರ್ಧ ಆದ್ರೂ ಆ ಅರ್ಧ ಖರೇನ ಅಲ್ಲೇನ್ರಿ?" ಎಂದಳು.

ಉತ್ತರ ಸರಿಯಿತ್ತು. ಮತ್ತೆ ಆರಕ್ಕೆ ಆರು ಕೊಡಬೇಕು, ಹಾಗಿತ್ತು. ಒಂದು ಕ್ಷಣ ನನಗೆ ಹೆಮ್ಮೆಯಾಯಿತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ಊಟ ಮಾಡಿಯೇ ಹೋಗಬೇಕೆಂದರು. ಕೈ ತೊಳೆಯಲು ಒಳಗೆ ಹೋದಾಗ ಅಡುಗೆಮನೆಯಲ್ಲಿ ಅವಳ ತಾಯಿ ಕುರ್ಚಿಯ ಮೇಲೆ ಕುಳಿತು ಸೊಪ್ಪು ಸೋಸುತ್ತಿದ್ದರು. ಮೊಣಕಾಲು ನೋವು, ಒಲೆಯ ಮುಂದೆ ನಿಲ್ಲಲು ಆಗುವುದಿಲ್ಲವಂತೆ. ಅತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ತಾಯಿ ಸಹಜವಾಗಿ, ಮನೆಯ ಕಷ್ಟ ಹೇಳಿಕೊಳ್ಳುವ ದನಿಯಲ್ಲೇ ಹೇಳಿದರು.

"ಮಗಳು ಓದಾಕ ಹೋಗ್ತಾಳ. ಸೊಸೀನೂ ದಿನಾ ಕುರುಗೋಡಿಗೆ ಹೋದ್ರ ಮನಿ ಯಾರು ನೋಡ್ಬೇಕ್ರಿ? ಇವರಿಗೆ ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ ಬೇಕು. ದೇವರು ದೊಡ್ಡವ, ಆ ಅಂಗಡಿ ತಾನಾ ನಿಂತು ಛಲೋ ಆತು."

ರೊಟ್ಟಿಯ ಸದ್ದು ನಿಂತಿತು. ಅತ್ತಿಗೆ ನನ್ನ ಕಡೆ ನೋಡಿದಳು. ಆಮೇಲೆ ಮತ್ತೆ ಬಡಿಯತೊಡಗಿದಳು.

ಬಾಯಿಬಿಟ್ಟು ಹೇಳದ ನಂಬಿಕೆಯನ್ನು ಹುಡುಕುವುದೇ ನಾನು ಮಾಡುವ ಪಾಠ. ಆ ಮನೆಯಲ್ಲಿ ಟೇಲರುಗಳ ಲೆಕ್ಕ, ಬಾಡಿಗೆಯ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಇಬ್ಬರಲ್ಲಿ ಒಬ್ಬಳು ಹೋದರೆ ಇನ್ನೊಬ್ಬಳು ಉಳಿಯಬೇಕಿತ್ತು. ಅದಕ್ಕೆ ಒಂದು ಗೌರವದ ಕಾರಣ ಬೇಕಿತ್ತು, ಅದನ್ನು ನಾನೂ ನನ್ನ ವಿದ್ಯಾರ್ಥಿನಿಯೂ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದೆವು.

ಪಡಸಾಲೆಗೆ ಬಂದೆ. ತಂದೆ ಕೇಳಿದರು, "ಇನ್ನೇನರ ಹೇಳೋದೈತೇನ್ರಿ ಮೇಡಂ?" ಸುಮ್ಮನೆ ಮಾತಿಗೆ ಕೇಳಿದ್ದಲ್ಲ, ನಿಜವಾಗಿಯೂ ಕೇಳಿದರು. ಹೇಳಬಹುದಿತ್ತು. ಅಂಗಡಿ ನಿಂತದ್ದು ವಾದದ ತಪ್ಪಿನಿಂದಲ್ಲ, ರೊಟ್ಟಿಗಾಗಿ ಎನ್ನಬಹುದಿತ್ತು. ಬಾಗಿಲ ಬಳಿ ನನ್ನ ವಿದ್ಯಾರ್ಥಿನಿ ಉಸಿರು ಹಿಡಿದು ನಿಂತಿದ್ದಳು. ಆ ಮಾತು ಹೊರಗೆ ಬಿದ್ದರೆ, ಹಾಗಾದರೆ ಸೊಸೆ ಹೋಗಲಿ, ನೀನು ಇರು ಎಂದು ಅದೇ ತಂದೆ ಅಷ್ಟೇ ಸಮಾಧಾನದಿಂದ ಹೇಳಬಹುದಿತ್ತು.

"ಇಲ್ರಿ," ಎಂದೆ. ಊಟಕ್ಕೆ ಕುಳಿತೆ. ರೊಟ್ಟಿ ಬಿಸಿ ಇತ್ತು.

ಬಸ್‌ಸ್ಟ್ಯಾಂಡಿನವರೆಗೆ ಅತ್ತಿಗೆಯೇ ಬಂದಳು. ಅರ್ಧ ದಾರಿಯಲ್ಲಿ, "ನಮ್ಮತ್ತಿ ಅಂದದ್ದು ನೀವು ಕೇಳಿದ್ರಿ. ಹೊರಗ ಹೋಗಿ ಅಂತೀರಿ ಅಂತ ಮಾಡಿದ್ದೆ," ಎಂದಳು.

"ಆಕಿ ಓದು ನಿಂತು ಬಿಟ್ರ ಅಂತ..."

"ಗೊತ್ತೈತ್ರಿ. ನಾನೂ ಅದಕ್ಕಾ ಅಂದಿಲ್ಲ. ಅಂದಿದ್ರ ಮನ್ಯಾಗ ಆಕಿಗೆ ನಾನಾ ಅಡ್ಡ ಬಂದೆ ಅಂತಿದ್ರು." ಬಸ್‌ಸ್ಟ್ಯಾಂಡ್ ಹತ್ತಿರ ಬಂದಾಗ, "ನೀವು ಹೊರಗಿನೋರು. ನೀವು ಅನಬಹುದಿತ್ತು," ಎಂದಳು. ಸಿಟ್ಟಿರಲಿಲ್ಲ. ಬಸ್ ಬಂತು. ಸೀಟು ಹಿಡೀರಿ, ಮುಂದ ಗದ್ಲ ಆಗ್ತೈತಿ ಎಂದು ನನ್ನನ್ನು ಹತ್ತಿಸಿದಳು.

ಅದು ಕುರುಗೋಡಿನ ಮೇಲೆ ಹೋಗುವ ಬಸ್ಸಾಗಿತ್ತು. ಊರೊಳಗೆ ನಿಧಾನವಾದಾಗ ಕಿಟಕಿಯಿಂದ ಮಳಿಗೆಗಳನ್ನು ನೋಡಿದೆ. ಯಾವುದೆಂದು ನನಗೆ ಗೊತ್ತಿರಲಿಲ್ಲ, ಶಟರ್ ಇಳಿದಿದ್ದವೆಲ್ಲ ಅವಳದೇ ಎನಿಸಿತು. ಹೊಲಿಗೆಯ ಬೋರ್ಡು ಎಷ್ಟಿವೆ ಎಂದು ಲೆಕ್ಕ ಮಾಡುತ್ತಿದ್ದೇನೆಂದು ಬಸ್ ಊರು ದಾಟುವ ಹೊತ್ತಿಗೆ ಗೊತ್ತಾಯಿತು. ಮುಖ ತಿರುಗಿಸಿ ಕುಳಿತೆ.

ಪರೀಕ್ಷೆ ಆಯಿತು. ಪ್ರಬಂಧದಲ್ಲಿ ಅವಳಿಗೆ ಪೂರ್ತಿ ಅಂಕ ಬಂತು. ಹೈದರಾಬಾದಿನ ಒಂದು ಕಾಲೇಜು ಸಂದರ್ಶನಕ್ಕೆ ಕರೆಯಿತು. ಪೇಡೆ ತೆಗೆದುಕೊಂಡು ಬಂದಳು. ಆ ಮಳಿಗೆಯಲ್ಲಿ ಯಾರೋ ಮೊಬೈಲ್ ರಿಪೇರಿ ಇಟ್ಟಿದ್ದಾರೆಂದು ಅವಳೇ ಹೇಳಿದಳು, ನಾನು ಕೇಳುವ ಮೊದಲೇ.

"ಒಂದು ವಾದ ಉಳದೈತಿ," ಎಂದೆ. "ಪರೀಕ್ಷಾಕ್ಕಲ್ಲ. ಬರೀತಿಯೇನು?"

"ಯಾವ್ದ್ರಿ?"

"ಮಗಳು ಓದಾಕ ಹೋಗ್ತಾಳ, ಅದಕ್ಕ ಸೊಸಿ ಮನ್ಯಾಗ ಇರಬೇಕು."

ಅವಳು ಪೇಡೆಯ ಡಬ್ಬಿಯ ಮುಚ್ಚಳ ಹಾಕಿದಳು. "ಅದು ನನಗ ಮೊದಲಾ ಕಂಡಿತ್ರಿ ಮೇಡಂ. ಅಂಗಡೀದು ಬರಿಯೋಕ್ಕಿಂತ ಮೊದಲ."

"ಮತ್ತ?"

"ಅದನ್ನ ಬರದ್ರ ನಾ ಹೋಗಾಕ ಆಗಂಗಿಲ್ರಿ."

ಆ ಮಾತಿನಲ್ಲೂ ಬಿರುಕಿತ್ತು. ಆ ಮನೆಯಲ್ಲಿ ಇನ್ನೂ ಇಬ್ಬರು ಗಟ್ಟಿಮುಟ್ಟಾದ ಗಂಡಸರು ಇದ್ದರು, ಅವರಿಗೂ ಕೈಗಳಿದ್ದವು. ಇಬ್ಬರಲ್ಲಿ ಒಬ್ಬಳೇ ಹೋಗಬೇಕು ಎಂಬುದಕ್ಕೆ ಪುರಾವೆ ಎಲ್ಲಿ ಎಂದು ಕೇಳಬಹುದಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಕೇಳುತ್ತೇನೆಂದು ಹೆದರಿದ್ದಳು. ಬಿಡು ಎಂದೆ. ಎಂದಾಗ ನನಗೂ ಹಗುರವಾಯಿತು, ಆ ಹಗುರವೇ ಈಗ ಚುಚ್ಚುತ್ತದೆ.

ಸಂದರ್ಶನದಲ್ಲಿ ಮನೆಯವರ ಬಗ್ಗೆ ಕೇಳಿದರೆ ಏನು ಹೇಳಬೇಕು ಎಂದು ಕೇಳಿದಳು. ಎಲ್ಲರೂ ಬೆಂಬಲವಾಗಿ ನಿಂತರು ಎಂದು ಹೇಳು ಎಂದೆ.