ಎರಡು ಮೊಳದ ಪಾತಿ

ಹುಳಿಯಾರಿನ ಹೈಸ್ಕೂಲಿನಲ್ಲಿ ನಾನು ಗಣಿತ ಹೇಳಿಕೊಡುತ್ತಿದ್ದೆ. ವೃತ್ತದ ವಿಸ್ತೀರ್ಣ, ಸಿಲಿಂಡರಿನ ಘನಫಲ ಅಂತ ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣದ ಪುಡಿ ಸೆರಗಿಗೆ ಮೆತ್ತಿಕೊಂಡಿತ್ತೇ ಹೊರತು, ಅವು ಎಷ್ಟು ಭಾರ ಅನ್ನುವುದು ನನ್ನ ರಟ್ಟೆಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಎಂಬತ್ತನೇ ಇಸವಿಯ ಆಚೀಚಿನ ಒಂದು ಬೇಸಿಗೆ ರಜೆಯಲ್ಲಿ, ಕೆಂಕೆರೆ ಕಡೆಯ ನಮ್ಮ ತೋಟದಲ್ಲಿ.

ತೋಟದ ಒಂದು ಮಗ್ಗುಲಿಗೆ ಎಳೆಯ ತೆಂಗಿನ ಸಸಿಗಳಿದ್ದವು. ಆ ಸಲ ಬಾವಿಯ ನೀರು ತಳಕ್ಕಿಳಿದು ಪಂಪು ಬರೀ ಗಾಳಿ ಎಳೆಯುತ್ತಿತ್ತು. ನಮ್ಮಿಬ್ಬರ ಗಂಡಂದಿರೂ ತಿಪಟೂರಿನ ಮಂಡಿಯ ಕಡೆ ಓಡಾಟದಲ್ಲಿದ್ದರು. ಹಾಗಾಗಿ ಬಾವಿಯಿಂದ ಸೇದುವವಳು ನಾನು, ಸಸಿಗಳಿಗೆ ಹೊರುವವಳು ನನ್ನ ಓರಗಿತ್ತಿ. ಮೈದುನನ ಹೆಂಡತಿಯೆಂದು ನನ್ನನ್ನು ಅವಳು ಎಂದೂ ದೂರ ಇಟ್ಟವಳಲ್ಲ. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಮೇಲ್ವಿಚಾರಣೆ ನಮ್ಮ ಮಾವನವರದು.

ಮಾವನವರಿಗೆ ತೆಂಗಿನ ವಿಷಯದಲ್ಲಿ ಎರಡು ನೇಮ. ಮಟಮಟ ಮಧ್ಯಾಹ್ನ ಸಸಿಯ ಗರಿಯ ನೆರಳು ಎಲ್ಲಿಯವರೆಗೆ ಬೀಳುತ್ತದೋ ಅಲ್ಲಿಯವರೆಗೆ ಪಾತಿ ಇರಬೇಕು. ಪಾತಿಯಲ್ಲಿ ನಾಲ್ಕು ಬೆರಳು ನೀರು ನಿಲ್ಲಬೇಕು. ಹಿಂದಿನ ವರ್ಷ ಬುಡಕ್ಕೆ ಹಗ್ಗ ಕಟ್ಟಿ, ಒಂದು ಮೊಳ ಬಿಟ್ಟು, ಸುತ್ತ ಗೆರೆ ಎಳೆದು ಪಾತಿ ಮಾಡಿದ್ದರು. ಸಸಿಗೆ ಮೂರು ಕೊಡ ನೀರು ಹಿಡಿಯುತ್ತಿತ್ತು. ಈ ವರ್ಷ ನೆರಳು ಚಾಚಿತೆಂದು ಹಗ್ಗವನ್ನು ಎರಡು ಮೊಳ ಮಾಡಿದರು.

“ಹಗ್ಗ ಎರಡ್ರಷ್ಟಾಯ್ತು, ನೀರೂ ಎರಡ್ರಷ್ಟು. ಸಸಿಗೆ ಆರು ಕೊಡ ಹುಯ್ರಮ್ಮ” ಅಂದರು. ನಾವೂ ಸರಿ ಅಂದೆವು. ಗಣಿತದ ಮೇಡಂ ಆದ ನಾನೂ ಸರಿ ಅಂದೆ. ಬಿಸಿಲಿನಲ್ಲಿ ಹಗ್ಗ ಜಗ್ಗುವವರಿಗೆ ತಲೆ ಓಡುವುದಿಲ್ಲ.

ಅಕ್ಕ ಆರು ಕೊಡ ಹೊಯ್ದು ಕೈ ಒರೆಸಿಕೊಳ್ಳುವಷ್ಟರಲ್ಲಿ ಮಾವನವರು ಹಿಂದೆಯೇ ಬಂದು, ಪಾತಿಯಲ್ಲಿ ಬೆರಳು ಊರಿ ನೋಡಿದರು. ಎರಡೇ ಬೆರಳು ನೀರು. ಮುಂದಿನ ಸಸಿಗೆ ಹೋದರು, ಅಲ್ಲೂ ಎರಡೇ.

“ಏನಮ್ಮಣ್ಣಿ, ಇನ್ನರ್ಧ ಎಲ್ಲೋಯ್ತು?”

“ಆರೂ ಹುಯ್ದಿದೀನಿ ಮಾವ.”

“ನಂಗೆ ಬೆರಳಿಲ್ವಾ? ಬಾವಿಯಿಂದ ಇಲ್ಲಿಗೆ ಬರೋ ದಾರೀಲೇ ನಿನ್ನ ಕನಕಾಂಬರ ಐತೆ. ಊರೆಲ್ಲ ಒಣಗಿದ್ರೂ ಅದೊಂದು ಮಾತ್ರ ಹಸ್ರಾಗೈತಲ್ಲ, ಎಂಗೆ?”

“ಅದಕ್ಕೆ ಹೋಗೋದು ಬಚ್ಚಲ ನೀರು. ಬೇಕಾದ್ರೆ ಇವಳನ್ನೇ ಕೇಳಿ.”

ನಾನು ಬಾವಿಕಟ್ಟೆಯಿಂದಲೇ ಕೂಗಿದೆ: “ಕೊಡ ತುಂಬ್ಸಿ ಕೊಡ್ತಿರೋಳು ನಾನೇ ಮಾವ.”

“ನೀನು ತುಂಬ್ಸಿ ಕೊಡ್ತೀಯ ಮೇಷ್ಟ್ರಮ್ಮ. ದಾರೀಲಿ ಏನಾಯ್ತದೆ ಅಂತ ನಿಂಗೇನ್ ಗೊತ್ತು?”

ಅವತ್ತಿನಿಂದ ಅಕ್ಕ ಕೊಡ ಹೊತ್ತು ನಡೆದರೆ ಮಾವನವರು ಹಿಂದೆ ಹಿಂದೆ. ತುಳುಕಿದರೆ ಒಂದು ಮಾತು, ನಿಂತರೆ ಒಂದು ಮಾತು. ಅವರ ಕಣ್ಣೆದುರಿಗೇ ಆರು ಕೊಡ ಬಿದ್ದರೂ ನೀರು ಎರಡೇ ಬೆರಳು ನಿಂತಿತು. ಆಗ, ಕೊಡದ ಕಂಠದವರೆಗೆ ತುಂಬಿಸುತ್ತಿಲ್ಲ, ಇಬ್ಬರೂ ಸೇರಿ ಆಟ ಕಟ್ಟಿದ್ದೀರಿ ಅಂದರು. ಕನಕಾಂಬರ ಕಿತ್ತುಹಾಕುತ್ತೇನೆ ಅಂದರು. ಅಕ್ಕ ಅಳಲಿಲ್ಲ. ಅಳುವುದಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕು. ಬಾವಿಕಟ್ಟೆಗೆ ಬಂದು ನನ್ನ ಪಕ್ಕ ಕೂತು, “ಈ ಮನೆಗೆ ಬಂದಾಗಿಂದ ಒಂದು ಲೋಟ ಹಾಲು ಕದ್ದು ಕುಡ್ದೋಳಲ್ಲ ಕಣೇ. ಈಗ ನೀರ್‌ಗಳ್ಳಿ ಆದೆ” ಅಂದಳು.

ಆ ಮಾತು ಕೇಳಿಯೇ ನನ್ನ ತಲೆ ಎಚ್ಚೆತ್ತದ್ದು. ಎದುರಿಗಿದ್ದ ಪಾತಿಯನ್ನು ನೋಡಿದೆ. ಪಾತಿ ಅಂದರೇನು, ನೆಲದಲ್ಲಿ ಕೂತ ಗಿಡ್ಡ ಸಿಲಿಂಡರು. ಎತ್ತರ ನಾಲ್ಕು ಬೆರಳು, ಹಗ್ಗವೇ ತ್ರಿಜ್ಯ. ತ್ರಿಜ್ಯವನ್ನು ಅದರಿಂದಲೇ ಗುಣಿಸಬೇಕು ಅಂತ ವರ್ಷವಿಡೀ ಮಕ್ಕಳ ಮೇಲೆ ರೇಗಾಡುವವಳು ನಾನು. ಒಂದಕ್ಕೆ ಒಂದಾದರೆ ಎರಡಕ್ಕೆ ನಾಲ್ಕು. ಮೂರು ಕೊಡ ಹಿಡಿಯುತ್ತಿದ್ದ ಪಾತಿ ಈಗ ಹನ್ನೆರಡು ಹಿಡಿಯುತ್ತದೆ. ಆರು ಹೊಯ್ದರೆ ಅರ್ಧವೇ ನಿಲ್ಲುವುದು.

ಮಾವನವರ ಮುಂದೆ ಕಡ್ಡಿಯಿಂದ ನೆಲದ ಮೇಲೆ ಬರೆದು ತೋರಿಸಿದೆ. ಅವರು ನೆಟ್ಟಗೆ ನೋಡಲೂ ಇಲ್ಲ. “ಬುಕ್ಕಿನ ನೀರು ಬ್ಯಾರೆ, ಬಾವಿ ನೀರು ಬ್ಯಾರೆ ಕಣಮ್ಮ.”

“ನೀರು ಬುಡಿ ಮಾವ. ಕಾಯಿ ಜೋಡ್ಸಿ ನೋಡೋಣ.”

ಕಾಯಿ ಅಂದದ್ದಕ್ಕೆ ಎದ್ದು ಬಂದರು. ಅಂಗಳದಲ್ಲಿ ಗೂಟ ನೆಟ್ಟು, ಅವರದೇ ಹಗ್ಗದಿಂದ ಒಂದು ಮೊಳಕ್ಕೆ ಒಂದು ಸುತ್ತು, ಪಕ್ಕದಲ್ಲಿ ಎರಡು ಮೊಳಕ್ಕೆ ಇನ್ನೊಂದು ಸುತ್ತು ಎಳೆದೆ. ಸುಲಿಯದ ಕಾಯಿಗಳನ್ನು ಮಂಕರಿಯಲ್ಲಿ ತಂದು ಚಿಕ್ಕ ಸುತ್ತಿನೊಳಗೆ ಒತ್ತಾಗಿ ಇಟ್ಟೆವು. ಒಂದು ಮಂಕರಿಗೆ ತುಂಬಿತು. ದೊಡ್ಡ ಸುತ್ತಿಗೆ ಎರಡು ಮಂಕರಿ ಸುರಿದೆವು. ಅರ್ಧ ನೆಲ ಹಾಗೇ ಬರಿದಾಗಿತ್ತು.

“ಬಿಡಿಬಿಡಿಯಾಗಿ ಇಕ್ಕಿದೀಯ ನೀನು, ಸರೀ ಜೋಡ್ಸು” ಅಂತ ಮಾವನವರು ತಾವೇ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೂ ಒತ್ತಿದರು. ಒತ್ತಿದಷ್ಟೂ ಖಾಲಿ ಜಾಗ ಹೆಚ್ಚಿತು. ಎದ್ದು ಹೋಗಿ, ಮೂರನೆಯ ಮಂಕರಿಯನ್ನು ತಾವೇ ತಂದರು. ನಾಲ್ಕನೆಯದು ಸುರಿದಾಗ ಸುತ್ತು ತುಂಬಿತು. ಅಕ್ಕ ಬಾಗಿಲಿಗೆ ಒರಗಿಕೊಂಡು ನಿಂತಿದ್ದಳು.

ಮಾವನವರು ಗೆರೆಯಾಚೆ ಉರುಳಿದ್ದ ಒಂದು ಕಾಯನ್ನು ಒಳಕ್ಕೆ ತಳ್ಳಿದರು. ಆಮೇಲೆ, “ಹಂಗಾರೆ ಅವಳು ಕದ್ದಿಲ್ಲ” ಅಂದರು. ಖಾಲಿ ಮಂಕರಿ ಬದಿಗಿಟ್ಟು, “ಹಂಗಾರೆ ಸಸಿಗೆ ಹನ್ನೆರಡು ಕೊಡ ಹುಯ್ಬೇಕು” ಅಂದರು.

ಅಕ್ಕ ನನ್ನ ಕಡೆ ತಿರುಗಿದಳು. “ನಿನ್ನ ಲೆಕ್ಕಕ್ಕೆ ಬೆಂಕಿ ಬೀಳ ಕಣೇ! ಕಳ್ಳಿಯಾಗೇ ಇದ್ದಿದ್ರೆ ಆರಕ್ಕೆ ಮುಗೀತಿತ್ತು.”

ನನಗೆ ನಗು ಬಂತು, ನಗುವುದಕ್ಕಾಗಲಿಲ್ಲ. ರಟ್ಟೆಯೆತ್ತಿ ಬಾಯಿ ಮುಚ್ಚಿಕೊಳ್ಳುವುದೂ ಕಷ್ಟವಿತ್ತು. ಆದರೆ ಅಕ್ಕ ನಗುತ್ತಿರಲಿಲ್ಲ. ಕೊಡವನ್ನು ತಂದು ಮಾವನವರ ಮುಂದೆ ಬೋರಲು ಹಾಕಿದಳು.

“ಹನ್ನೆರಡು ನನ್ನ ಕೈಲಾಗಲ್ಲ ಮಾವ. ಸಸಿ ಒಣಗಿದ್ರೆ ಒಣಗ್ಲಿ. ಆರು ಅಂದಿದ್ರಿ, ಆರೂ ಹೊತ್ತಿದೀನಿ. ಅದು ನಿಮಗೂ ಗೊತ್ತಾಯ್ತು. ಅದಕ್ಕಿಂತ ಒಂದು ಕೊಡ ಜಾಸ್ತಿ ಹೊರಲ್ಲ.”

ಆ ಮನೆಯಲ್ಲಿ ಮಾವನವರ ಎದುರಿಗೆ ಯಾರೂ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. ಕೊನೆಗೆ ಅವಳನ್ನು ಬಿಟ್ಟು ನನ್ನನ್ನು ಕೇಳಿದರು:

“ಮೇಷ್ಟ್ರಮ್ಮ, ಆರು ಕೊಡಕ್ಕೆ ನಾಲ್ಕು ಬೆರಳು ನಿಲ್ಬೇಕು ಅಂದ್ರೆ ಹಗ್ಗ ಎಷ್ಟಿರ್ಬೇಕು?”

ಎರಡರ ವರ್ಗಮೂಲ. ಒಂದೂವರೆ ಮೊಳಕ್ಕೆ ತುಸು ಕಡಿಮೆ. ಹೇಳಿದೆ. ಹಗ್ಗದ ಮೇಲೆ ಬೆರಳಿಟ್ಟು ತೋರಿಸಿದೆ, ಅವರು ಅಲ್ಲಿಗೆ ಗಂಟು ಹಾಕಿದರು. ನೆರಳಿನ ನೇಮ ಅಷ್ಟಕ್ಕೇ ನಿಂತಿತು.

ಸಂಜೆ ಸನಿಕೆ ಹಿಡಿದು ಒಬ್ಬರೇ ಹೋಗಿ ಪಾತಿಯ ಕಟ್ಟೆಗಳನ್ನು ಒಳಕ್ಕೆ ಎಳೆಯತೊಡಗಿದರು. ಎಲ್ಲ ಸಸಿಗೂ ಮುಗಿಸುವುದಕ್ಕೆ ಹಲವು ದಿನ ಹಿಡಿಯಿತು. ಅಕ್ಕನಿಗೆ ಒಂದು ಮಾತೂ ಹೇಳಲಿಲ್ಲ. ಅವಳೂ ಕಾಯಲಿಲ್ಲ. ಮಳೆ ಬರುವವರೆಗೂ ನಾನು ಸೇದಿದೆ, ಅವಳು ಹೊತ್ತಳು, ಸಸಿಗೆ ಆರು ಕೊಡದಂತೆ. ನನ್ನ ಲೆಕ್ಕದಿಂದ ನಮಗೆ ಒಂದು ಕೊಡದ ಕೆಲಸವೂ ಕಡಿಮೆಯಾಗಲಿಲ್ಲ. ಅವಳ ಹಿಂದೆ ಯಾರೂ ನಡೆದು ಬರುತ್ತಿರಲಿಲ್ಲ, ಅಷ್ಟೇ. ಸುಸ್ತಾದ ಕಡೆ ಕೊಡ ಇಳಿಸಿ, ನಿಂತು, ಉಸಿರು ಬಿಟ್ಟು ಬರುತ್ತಿದ್ದಳು.