ಅವರ್ಸಾ ದಂಡೆಯಲ್ಲಿ ಭೋಂಗಾ ಕೂಗಿದ ರಾತ್ರಿ

ನಾನು ಹೆಂಡ ಮುಟ್ಟಿದವನಲ್ಲ. ಭೂತ, ಪ್ರೇತ ಎಂದವರನ್ನು ಎದುರಿಗೇ ಕೂರಿಸಿಕೊಂಡು ಗೇಲಿ ಮಾಡಿದವನು. ಹಾಗಾಗಿ ಈಗ ಹೇಳುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಆದರೆ ಇದು ನಡೆದದ್ದು... ನಮ್ಮ ಅವರ್ಸಾದ ದಂಡೆಯಲ್ಲಿ, ನನ್ನ ಅಂಗೈ ಕೆಳಗೇ.

ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಗಲಾಟೆ ತಣ್ಣಗಾಗಿ ಕೆಲವು ವರ್ಷ ಕಳೆದಿದ್ದವು. ನನ್ನದು ತೆಂಗಿನಕಾಯಿ ವ್ಯಾಪಾರ. ಹೆಂಡತಿ ಪಾರ್ವತಿ ಒಣಕೆಮ್ಮಿನಲ್ಲೇ ನವೆದು ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಮನೆಯಲ್ಲಿ ಜೊತೆ ಅಂತ ಉಳಿದದ್ದು ಒಂದು ಆಂಪ್ಲಿಫೈಯರ್.

ಅದರ ಬಗ್ಗೆ ಸ್ವಲ್ಪ ಜಂಬ ಕೊಚ್ಚಿಕೊಳ್ಳದೆ ನನ್ನಿಂದಾಗದು. ಅದು ಅಂಗಡಿಯಲ್ಲಿ ಸಿಗುವ ಮಾಲಲ್ಲ. ಮುಂಬೈಯ ಗಿರಗಾಂವದ ಒಂದು ಮಾಳಿಗೆಯಲ್ಲಿ ಒಬ್ಬ ಪಾರ್ಸಿ ಮುದುಕ ವರ್ಷಕ್ಕೆ ಬೆರಳೆಣಿಕೆಯಷ್ಟು ಮಾತ್ರ ಮಾಡುತ್ತಿದ್ದ. ತಂತಿ ಸುತ್ತುವುದೂ ಅವನೇ, ಬೀಟೆ ಮರದ ಪೆಟ್ಟಿಗೆಗೆ ಪಾಲಿಶ್ ಉಜ್ಜುವುದೂ ಅವನೇ. ಗಾಜಿನ ವಾಲ್ವುಗಳನ್ನು ಒಂದೊಂದಾಗಿ ಹಚ್ಚಿ, ದನಿ ಕೇಳಿ, ಮನಸ್ಸಿಗೆ ಬಂದದ್ದನ್ನು ಮಾತ್ರ ಕೂರಿಸುತ್ತಿದ್ದ. ಸ್ಟೀಮರಿನಲ್ಲಿ ಕಾರವಾರದ ತನಕ ನಾನದನ್ನು ತೊಡೆಯಿಂದ ಇಳಿಸಲಿಲ್ಲ. ಪಾರ್ವತಿ ನೋಡಿ, "ಕೂಸನ್ನ ತಂದಂಗೆ ತಂದ್ರಿ" ಎಂದಿದ್ದಳು.

ಬ್ಯಾಟರಿ ಹಚ್ಚಿದರೆ ವಾಲ್ವುಗಳೊಳಗೆ ಮಂದವಾದ ಕೆಂಪು ಏರುತ್ತಿತ್ತು. ಬಿಸಿಯಾದ ಮೇಣದ ವಾಸನೆ ಕೋಣೆ ತುಂಬುತ್ತಿತ್ತು. ಗ್ರಾಮೊಫೋನಿಗೆ ಒಂದು ಹಾಡಿನ ತಟ್ಟೆ ಹಾಕಿಕೊಂಡು ಕೂತರೆ ನನಗೆ ಲೋಕವೇ ಬೇಡ.

ಪಾರ್ವತಿ ಇದ್ದಾಗ, ಆ ಹೊತ್ತಿಗೆ ಸರಿಯಾಗಿ ಒಳಗಿನಿಂದ ಕರೆಯುವಳು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಇಂಥವನ ಅಪ್ಪಾ ಎಂದು ಮಗುವಿನ ಹೆಸರು ಹಿಡಿದು ಕರೆಯುತ್ತಾರೆ. ಪಾಪ, ಇವಳಿಗೆ ಅದೂ ಇರಲಿಲ್ಲ.

"ಹೋಯ್... ಕೇಳ್ತಾ? ಅನ್ನ ಆರ್ತದೆ. ಎದ್ ಬನ್ನಿ."

ಕೊನೆಗೆ ಎರಡು ಕೆಮ್ಮು. ದಿನವೂ ಅದೇ ಮಾತು, ಅದೇ ಕೆಮ್ಮು.

ಅವಳು ಹೋದ ಮೇಲೆ ತೋಡೂರಿನಿಂದ ಜಟ್ಟಿ ಎಂಬ ಮೀನುಗಾರ ಬಂದು ನನ್ನ ಪಕ್ಕದಲ್ಲೇ ಗುಡಿಸಲು ಕಟ್ಟಿಕೊಂಡ. ಹೆಂಡತಿ ನಾಗಮ್ಮ, ಎದೆಹಾಲು ಬಿಡದ ಮಗ ಬೀರ. ಅವರ್ಯಾರೂ ಪಾರ್ವತಿಯನ್ನು ಕಂಡವರಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಆ ಚಳಿಗಾಲದ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಹಿಂದೆಂದೂ ಕಾಣದ ಮಂಜು ಇಳಿಯಿತು. ನಾಗಮ್ಮ ಕೂಸನ್ನು ಸೊಂಟಕ್ಕೇರಿಸಿಕೊಂಡು ನನ್ನ ಅಂಗಳಕ್ಕೆ ಓಡಿಬಂದಳು.

"ನಾಯಕರೇ, ನಮ್ಮ ದೋಣಿ ಒಂದೇ ಬರ್ಲಿಲ್ಲ. ಸೂಡಿ ಹಚ್ಚಿ ಎತ್ತಿದ್ರೂ ಒಂದ್ ಮಾರು ಆಚೆ ಕಾಣೂದಿಲ್ಲ."

"ಕರೆದು ನೋಡಿದ್ಯಾ?"

"ಕರ್ದು ಕರ್ದು ಸಾಕಾಯ್ತು. ದನಿ ತೆರೆ ದಾಟೂದಿಲ್ಲ. ನಿಮ್ಮ ಪೆಟ್ಟಿಗೆ ತಕ್ಕಂಡ್ ಬರ್ತ್ರಾ?"

ದಂಡೆಯ ಒಂದು ಬದಿಗೆ ಬಂಡೆಗಳಿವೆ. ದಿಕ್ಕು ತಪ್ಪಿ ಅಲ್ಲಿಗೆ ಹೊಡೆದರೆ ದೋಣಿಯೂ ಇಲ್ಲ, ಜಟ್ಟಿಯೂ ಇಲ್ಲ. ಉಪ್ಪುಗಾಳಿ ತಾಗೀತೆಂದು ನಾನು ಆ ಪೆಟ್ಟಿಗೆಯನ್ನು ಕಿಟಕಿಯ ಹತ್ತಿರವೂ ಇಟ್ಟವನಲ್ಲ. ಅವತ್ತು ಏನನ್ನೂ ಯೋಚಿಸಲಿಲ್ಲ. ಭಜನೆಗೆಂದು ತರಿಸಿದ್ದ ಮೈಕು, ದನಿ ಹೊರಡುವ ಕಹಳೆಯಂಥ ತಗಡಿನ ಭೋಂಗಾ, ಎಲ್ಲವನ್ನೂ ಕೇರಿಯ ಹುಡುಗರಿಂದ ಹೊರಿಸಿಕೊಂಡು ಹೊರಟೆ. ಬ್ಯಾಟರಿ ಮಾತ್ರ ಬಡವಾಗಿತ್ತು. ಅದನ್ನು ತುಂಬಿಸಲು ಕಾರವಾರದ ಮೋಟಾರು ಕಾರ್ಖಾನೆಗೇ ಕಳಿಸಬೇಕು.

ಹೊತ್ತು ತಂದವರು ಉರಿಯುವ ಸೂಡಿ ಹಿಡಿದು ಬಂಡೆಗಳ ಕಡೆ ಹೋದರು. ಉಳಿದವರು ನಾನು, ನಾಗಮ್ಮ, ನಿದ್ದೆಹೋದ ಕೂಸು. ಸಮುದ್ರ ಇದ್ದಲ್ಲಿ ಬರೀ ಸದ್ದಿತ್ತು...

ಮೈಕು ಕೈಗೆ ಕೊಟ್ಟರೆ ಅವಳಿಗೆ ನಾಚಿಕೆ. "ಎಂತಾ ಹೇಳೂದು ಇದ್ರಲ್ಲಿ?"

"ಮನೆಯಲ್ಲಿ ಹ್ಯಾಂಗೆ ಕರೀತೆಯೋ ಹಾಂಗೇ ಕರಿ."

"ಬೀರನಪ್ಪಾ... ಇತ್ಲಾಗೆ ಬರ್ರಾ..."

ಭೋಂಗಾದಿಂದ ಹೊರಟ ಆ ದನಿ ಮಂಜನ್ನು ಸೀಳಿಕೊಂಡು ಹೋಯಿತು. ಅವಳು ಮತ್ತೆ ಮತ್ತೆ ಕರೆದಳು. ನಡುನಡುವೆ ನಿಲ್ಲಿಸಿ ಇಬ್ಬರೂ ಕಿವಿಗೊಡುತ್ತಿದ್ದೆವು. ಉತ್ತರವಿಲ್ಲ.

ಆಮೇಲೆ ವಾಲ್ವುಗಳ ಕೆಂಪು ಇಳಿಯತೊಡಗಿತು. ನಾಗಮ್ಮನ ದನಿ ಸಣ್ಣಗಾಯಿತು, ಗೊರಗೊರ ಎಂದಿತು, ನಿಂತಿತು. ಬ್ಯಾಟರಿ ಸತ್ತಿತ್ತು. ಗಾಜು ಮುಟ್ಟಿ ನೋಡಿದೆ, ಆಗಲೇ ತಣ್ಣಗಾಗುತ್ತಿತ್ತು. ಅವಳು ಮೈಕು ಬಿಟ್ಟು ಬರಿಬಾಯಲ್ಲೇ ಕೂಗಿದಳು, ಗಂಟಲು ಒಡೆದು ಮರಳ ಮೇಲೆ ಕುಸಿದಳು. ನಾನು ಭೋಂಗಾದ ಮೇಲೆ ಕೈಯಿಟ್ಟುಕೊಂಡು ನಿಂತೆ.

ಆಗ ವಾಸನೆ ಬಂತು... ಬಿಸಿಯಾದ ಮೇಣದ್ದು.

ಪೆಟ್ಟಿಗೆ ನೋಡಿದೆ. ಕತ್ತಲೆ. ಒಂದು ವಾಲ್ವಿನಲ್ಲೂ ಬೆಳಕಿಲ್ಲ. ಆದರೆ ಅಂಗೈ ಕೆಳಗೆ ಭೋಂಗಾದ ತಗಡು ಸಣ್ಣಗೆ ನಡುಗುತ್ತಿತ್ತು, ಯಾರೋ ಮಾತಾಡುವಾಗ ನಡುಗುವ ಹಾಗೆ. ಸದ್ದು ಮಾತ್ರ ಇಲ್ಲ. ನನ್ನ ಕೈಯೇ ಚಳಿಗೆ ನಡುಗುತ್ತಿದೆ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದೇ ಒಳ್ಳೆಯದು ಅನಿಸಿತು.

ಎಷ್ಟು ಹೊತ್ತೋ ಗೊತ್ತಿಲ್ಲ. ನೀರಿನಲ್ಲಿ ಹುಟ್ಟು ಬಡಿಯುವ ಸದ್ದು ಕೇಳಿಸಿತು. ದೋಣಿ ನೇರವಾಗಿ ನಮ್ಮ ಕಾಲ ಬುಡಕ್ಕೇ ಬಂದು ಮರಳು ಕಚ್ಚಿತು. ನಾಗಮ್ಮ ಹೋಗಿ ಜಟ್ಟಿಯ ತೋಳು ಹಿಡಿದುಕೊಂಡಳು.

ಜಟ್ಟಿ ಒದ್ದೆ ಮೈಯಲ್ಲಿ ನಿಂತು ಆಚೀಚೆ ನೋಡಿದ. "ಆ ಅಮ್ಮ ಎಲ್ಲಿ?"

"ಯಾವ ಅಮ್ಮ?" ಎಂದೆ ನಾನು.

"ಇವ್ಳ ದನಿ ನಿಂತ್ಕಂತು. ನಂಗೆ ದಿಕ್ಕೇ ತಪ್ತು, ಬಂಡೆ ನೊರೆ ಕಾಣ್ತಿತ್ತು. ಅಷ್ಟರಲ್ಲಿ ಇನ್ನೊಬ್ರು ಕರ್ದ್ರು, ಭೋಂಗಾದಲ್ಲೇ. ಹೋಯ್, ಕೇಳ್ತಾ, ಅನ್ನ ಆರ್ತದೆ, ಎದ್ ಬನ್ನಿ ಅಂದ್ರು. ಅದೇ ಬದಿಗೆ ಹುಟ್ಟು ಹಾಕ್ದೆ." ಮುಖದ ನೀರು ಒರೆಸಿಕೊಳ್ಳುತ್ತ ಮತ್ತೆ ಹೇಳಿದ. "ಅವ್ರಿಗೆ ಕೆಮ್ಮು ಜೋರದೆ. ಚಳಿಲಿ ನಿಲ್ಸಬೇಡಿ, ನಾಯಕರೇ."

ನಾನು ನಾಗಮ್ಮನ ಮುಖ ನೋಡಿದೆ. ಇಲ್ಲ ಅನ್ನಲಿ ಎಂದು ಕಾದೆ.

"ನಂಗೂ ಕೇಳ್ತು" ಎಂದಳು ಅವಳು. "ನೀವೇ ಎಂತದೋ ತಟ್ಟೆ ಹಾಕಿದ್ರಿ ಅಂದ್ಕಂಡೆ."

ಜಟ್ಟಿ ಉಳಿದ. ಅದು ನನಗೆ ಸಂತೋಷವೇ. ಆದರೆ ಮಂಜಿನಾಚೆ ದೋಣಿಯಲ್ಲಿದ್ದವನಿಗೆ ಕೇಳಿಸಿತು, ಪಕ್ಕದಲ್ಲಿ ಕೂತವಳಿಗೆ ಕೇಳಿಸಿತು. ಭೋಂಗಾದ ಮೇಲೆ ಕೈಯಿಟ್ಟು ನಿಂತವನು ನಾನು, ಗಂಡ ನಾನು... ನನಗೆ ಕೇಳಿಸಲಿಲ್ಲ. ಇದನ್ನು ನೆನೆದರೆ ಹೆದರಿಕೆಗಿಂತ ಹೆಚ್ಚು ಹೊಟ್ಟೆ ಉರಿಯುತ್ತದೆ.

ಬ್ಯಾಟರಿ ತುಂಬಿಸಿ ತಂದೆ. ಅಂದಿನಿಂದ ಗ್ರಾಮೊಫೋನಿಗೆ ತಟ್ಟೆ ಹಾಕುವುದನ್ನು ಬಿಟ್ಟಿದ್ದೇನೆ. ಸಂಜೆಯಾದರೆ ಮೈಕನ್ನು ಅಡುಗೆ ಮನೆಯ ಹೊಸ್ತಿಲಲ್ಲಿಟ್ಟು, ವಾಲ್ವು ಹೊತ್ತಿಸಿ, ಅನ್ನ ಬಡಿಸಿಕೊಂಡು ಎದುರಿಗೆ ಕೂರುತ್ತೇನೆ. ಭೋಂಗಾದಿಂದ ಸುಯ್ ಎನ್ನುವ ಸದ್ದು, ಅಷ್ಟೇ. ಆ ಪಾರ್ಸಿ ಮುದುಕ ಮಾಡಿದ ಯಂತ್ರಕ್ಕೆ ಇಲಿ ಓಡಾಡಿದರೂ ಕೇಳುತ್ತದೆ. ನಾನು ಕಾಯುತ್ತೇನೆ, ಅನ್ನ ಆರುತ್ತದೆ.

ಮೊನ್ನೆ ಬೆಳಿಗ್ಗೆ ನಾಗಮ್ಮ ಬೇಲಿಯಾಚೆ ಮೀನು ಹೆಚ್ಚುತ್ತ ನನ್ನನ್ನು ಬೈದಳು.

"ಎಂತಾ ಜನ ನೀವು, ನಾಯಕರೇ? ನಿನ್ನೆ ಸಂಜೆ ಆ ಅಮ್ಮ ಅಷ್ಟೊತ್ತು ಕರೀತಾ ಇದ್ರು. ಒಂದ್ ಸಲನಾದ್ರೂ ಓ ಅನ್ನೂದಲ್ವಾ?"