ಡಾಬಕಾದ ಅಂಗಳದಲ್ಲಿ ಹೆಪ್ಸಿಬಾ ಅಕ್ಕೋರು ಕಲಿತ ನಾಡಿಪಾಠ

ಚೀನಾ ದೇಶದ ಸಾಂಪ್ರದಾಯಿಕ ವೈದ್ಯಶಾಸ್ತ್ರವನ್ನು ಕ್ರಮವಾಗಿ ಓದಿ, ಪರೀಕ್ಷೆ ಬರೆದು, ಓದಿದ್ದನ್ನು ನಾಲ್ಕು ಜನರಿಗೆ ಕಲಿಸಿದವರ ಪಟ್ಟಿಯನ್ನು ಬೀದರ ಜಿಲ್ಲೆಯಲ್ಲಿ ಮಾಡಲು ಕುಳಿತರೆ ಹೆಚ್ಚು ಕಾಗದ ಖರ್ಚಾಗುವುದಿಲ್ಲ. ನಮಗೆ ತಿಳಿದ ಮಟ್ಟಿಗೆ ಆ ಪಟ್ಟಿಯಲ್ಲಿರುವುದು ಒಂದೇ ಹೆಸರು: ಶ್ರೀಮತಿ ಹೆಪ್ಸಿಬಾ ಜಾಕ್ಸನ. ಮೂವತ್ತನಾಲ್ಕು ವರ್ಷ ಆರೋಗ್ಯ ಸಹಾಯಕಿಯಾಗಿ ಭಾಲ್ಕಿ, ಔರಾದ ತಾಲ್ಲೂಕುಗಳ ಹಳ್ಳಿಗಳನ್ನು ನಡೆದೇ ಅಳೆದು, ಈ ವರ್ಷ ನಿವೃತ್ತರಾಗಿರುವ ಅವರನ್ನು ಹಳ್ಳಿಯವರು ‘ಸಿಸ್ಟರ’ ಎಂದರೆ, ಚಿದ್ರಿಯ ಅವರ ಮನೆಯ ಪಡಸಾಲೆಯಲ್ಲಿ ಶನಿವಾರದ ತರಗತಿಗೆ ಕುಳಿತ ನಾವೆಲ್ಲ ‘ಅಕ್ಕೋರು’ ಎನ್ನುತ್ತೇವೆ. ಈ ಅಭಿನಂದನ ಸಂಪುಟದಲ್ಲಿ ಅವರ ಸೇವಾನಿಷ್ಠೆಯ ಬಗ್ಗೆ ಬಲ್ಲವರು ಬರೆದಿದ್ದಾರೆ. ಅವರ ಚೀನೀ ವೈದ್ಯದ ವ್ಯಾಸಂಗದ ಬಗ್ಗೆ ಬರೆಯುವ ಭಾಗ್ಯ ಮೊದಲ ತಂಡದ ವಿದ್ಯಾರ್ಥಿಯಾದ ಈ ಬಸವಕಿರಣನ ಪಾಲಿಗೆ ಬಂದಿದೆ.

ಹೆಪ್ಸಿಬಾ ಹುಟ್ಟಿದ್ದು ಭಾಲ್ಕಿ ತಾಲ್ಲೂಕಿನ ಸಾಯಗಾಂವದ ಮೆಥೋಡಿಸ್ಟ್ ಮನೆತನದಲ್ಲಿ. ಅಜ್ಜಿ ಮಿಷನ್ ಕಾಲದ ಸೂಲಗಿತ್ತಿ, ತಾಯಿ ನರ್ಸು. ಹೀಗಾಗಿ ಮಗಳು ಏನಾಗಬೇಕೆಂಬ ಚರ್ಚೆಯೇ ಆ ಮನೆಯಲ್ಲಿ ನಡೆಯಲಿಲ್ಲ. ನೌಕರಿ ಸಿಕ್ಕಿತು, ಮಾಸ್ತರಿಕೆ ಮಾಡುತ್ತಿದ್ದ ಜಾಕ್ಸನರೊಡನೆ ಮದುವೆಯಾಯಿತು, ಚಿದ್ರಿಯಲ್ಲಿ ಎರಡು ಕೋಣೆಯ ಮನೆಯೂ ಆಯಿತು. ಎಲ್ಲರ ಬದುಕಿನಂತೆ ಅವರದೂ ಸಾಗಿಬಿಡುತ್ತಿತ್ತೇನೋ. ಆದರೆ ನಲವತ್ತರ ಹತ್ತಿರ ಬಂದಾಗ ವರ್ಷಗಟ್ಟಲೆ ಕಾಡಿದ್ದ ಅವರ ಅರೆತಲೆನೋವನ್ನು ಹೈದರಾಬಾದಿನಲ್ಲಿ ಒಬ್ಬ ಹೆಣ್ಣುಮಗಳು ಕೂದಲೆಳೆಯಂಥ ಸೂಜಿ ಚುಚ್ಚಿ ಇಳಿಸಿದರು. ಆಕೆ ಕಲ್ಕತ್ತೆಯಲ್ಲಿ ಹುಟ್ಟಿ ಬೆಳೆದ ಚೀನೀ ಮೂಲದ ವೈದ್ಯೆ. ಭಾನುವಾರಗಳಂದು ಒಂದಷ್ಟು ಜನರಿಗೆ ಪಾಠವನ್ನೂ ಹೇಳುತ್ತಿದ್ದರು. ನೋವು ಹೋಯಿತು, ಕುತೂಹಲ ಉಳಿಯಿತು. ಎರಡು ವರ್ಷ, ತಿಂಗಳಿಗೆ ಎರಡು ಭಾನುವಾರ, ಬೆಳಗಿನ ಮೊದಲ ಬಸ್ಸಿಗೆ ಹೈದರಾಬಾದಿಗೆ ಹೋಗಿ ಹೊತ್ತು ಮುಳುಗಿದ ಮೇಲೆ ತಿರುಗಿ ಬರುವುದು ಅವರ ವ್ರತವಾಯಿತು. ಭಾನುವಾರದ ಆರಾಧನೆ ತಪ್ಪಿತೆಂದು ಚರ್ಚಿನ ಹಿರಿಯರು ಮುಖ ಗಂಟಿಕ್ಕಿದರೆ, ಮನೆಯಲ್ಲಿ ಜಾಕ್ಸನ ಮಾಸ್ತರರು ರೊಟ್ಟಿ ಬಡಿಯಲು ಕಲಿತರು.

ಆ ದಿನಗಳ ಅವರ ನೋಟುಬುಕ್ಕುಗಳನ್ನು ನಾವು ನೋಡಿದ್ದೇವೆ. ದೇಹದಲ್ಲಿ ತಂಪು ಮತ್ತು ಬಿಸುಪು ಒಂದನ್ನೊಂದು ಹಿಡಿದು ನಿಲ್ಲಿಸುವ ಯಿನ್ ಮತ್ತು ಯಾಂಗ್. ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ತ್ವಗಳು ಒಂದನ್ನೊಂದು ಹೆರುವ, ಒಂದನ್ನೊಂದು ಅಂಕೆಯಲ್ಲಿಡುವ ಬಗೆ. ರೋಗಿಯನ್ನು ನೋಡುವುದು, ಆಲಿಸುವುದು, ಕೇಳುವುದು, ಮುಟ್ಟುವುದು ಎಂಬ ನಾಲ್ಕು ಪರೀಕ್ಷೆಗಳು. ಎಲ್ಲವೂ ದುಂಡಗಿನ ಕನ್ನಡ ಅಕ್ಷರಗಳಲ್ಲಿವೆ. ಒಂದು ಬುಕ್ಕಿನ ತುಂಬ ಬಣ್ಣದ ಪೆನ್ಸಿಲಿನಲ್ಲಿ ಬರೆದ ನಾಲಿಗೆಗಳೇ. ನಾಲಿಗೆಯ ಬಣ್ಣ ಮತ್ತು ಲೇಪ ನೋಡಿ ಒಳಗಿನ ಸ್ಥಿತಿ ತಿಳಿಯುವುದು ಆ ಶಾಸ್ತ್ರದ ದೊಡ್ಡ ವಿದ್ಯೆ. ಆದರೆ ಎಲೆಯಡಿಕೆ ಹಾಕದ ನಾಲಿಗೆಯನ್ನು ನಮ್ಮ ಬೀದರಿನಲ್ಲಿ ಎಲ್ಲಿಂದ ತರುವುದು? ಸಂತೆಯ ದಿನ ಕಂಡ ಕೆಂಪನ್ನೆಲ್ಲ ಒಳಗಿನ ಉಷ್ಣವೆಂದು ಬರೆದುಕೊಂಡಿದ್ದರೆ ಇಡೀ ಜಿಲ್ಲೆಯೇ ಹಾಸಿಗೆ ಹಿಡಿಯಬೇಕಾಗಿತ್ತು.

ಗಿಡಮೂಲಿಕೆಗಳ ಪಾಠಕ್ಕೆ ಅವರಿಗೆ ನೆರವಾದವರು ಬೀದರ ಪೇಟೆಯ ಚೌಬಾರಾದ ಹತ್ತಿರ ಯುನಾನಿ ಔಷಧಿ ಸಾಮಾನಿನ ಅಂಗಡಿ ಇಟ್ಟಿದ್ದ ಅಬ್ದುಲ ಅಜೀಜ ಸಾಹೇಬರು. ಹೆಪ್ಸಿಬಾ ಪಟ್ಟಿ ಹಿಡಿದು ಹೋಗಿ, ಈ ಬೇರುಗಳನ್ನು ಚೀನಾದಿಂದ ತರಿಸುವ ದಾರಿ ಏನಾದರೂ ಇದೆಯೇ ಎಂದು ಕೇಳಿದರಂತೆ. ಸಾಹೇಬರು ಕನ್ನಡಕ ಏರಿಸಿ ಪಟ್ಟಿ ನೋಡಿ, ಒಂದೊಂದೇ ಡಬ್ಬಿ ಇಳಿಸತೊಡಗಿದರು.

“ಇದು ಚೋಬಚೀನಿ, ಇದು ರೇವಂದಚೀನಿ, ಇದು ದಾಲಚೀನಿ. ನಮ್ಮ ದಾದಾನ ಜಮಾನಾದಿಂದ ಇಲ್ಲೇ ಅವ. ನೀವು ಚೀನಾಕ್ಕ ಯಾಕ ಹೋಗ್ತೀರಿ ಬೆಹನ್, ಚೀನಾನೇ ನಮ್ಮ ಡಬ್ಬ್ಯಾಗ ಬಂದು ಕುಂತದ.”

ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ತಮಗೇ ಅನ್ವಯಿಸಿತಲ್ಲ ಎಂದು ಅಕ್ಕೋರು ಇಂದಿಗೂ ನಗುತ್ತಾರೆ. ಆಮೇಲೆ ಎಷ್ಟೋ ಸಂಜೆ ಆ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಬೇರನ್ನು ಮುರಿದು, ಮೂಸಿ, ನಾಲಿಗೆಯ ತುದಿಗೆ ಹಚ್ಚಿ ಗುರುತು ಹಿಡಿಯುವುದನ್ನು ಅವರು ಕಲಿತರು. ಅಬ್ದುಲ ಅಜೀಜರು ಈಗಿಲ್ಲ. ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ಮಾರುತ್ತಾರೆ. ಅದರ ಮುಂದೆ ಹಾಯುವಾಗ ನಮ್ಮ ಅಕ್ಕೋರ ಹೆಜ್ಜೆ ತುಸು ನಿಧಾನವಾಗುವುದನ್ನು ನಾವು ಗಮನಿಸಿದ್ದೇವೆ.

ಇನ್ನು ನಾಡಿಯ ವಿಷಯ. ಇಲ್ಲಿಯೇ ಅವರ ಬದುಕು ತಿರುವು ಪಡೆದದ್ದು. ಇದನ್ನು ಅಭಿನಂದನ ಸಂಪುಟದಲ್ಲಿ ಬರೆಯಬಹುದೇ ಎಂದು ನಾವು ಅವರನ್ನೇ ಕೇಳಿದೆವು. “ಅದನ್ನ ಬಿಟ್ಟು ಉಳದದ್ದು ಬರದ್ರ ನಾ ಪುಸ್ತಕ ಮುಟ್ಟಂಗಿಲ್ಲ ನೋಡು” ಎಂದರು. ಆದ್ದರಿಂದ ಬರೆಯುತ್ತಿದ್ದೇವೆ.

ಚೀನೀ ವೈದ್ಯರು ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಹತ್ತಾರು ಬಗೆಯ ನಾಡಿಗಳನ್ನು ಗುರುತಿಸುತ್ತಾರೆ. ಅದರಲ್ಲೊಂದು ಜಾರುನಾಡಿ. ತಟ್ಟೆಯಲ್ಲಿ ಮುತ್ತುಗಳು ಉರುಳಿದಂತೆ ಅದು ಬೆರಳ ಕೆಳಗೆ ನುಣ್ಣಗೆ ಸರಿದುಹೋಗುತ್ತದೆಯಂತೆ. ಬಸಿರಿಯ ನಾಡಿ ಹೀಗಿರುತ್ತದೆ; ಎದೆಯಲ್ಲಿ ಕಫ ಕಟ್ಟಿದವರ ನಾಡಿಯೂ ಹೀಗೆಯೇ ಇರುತ್ತದೆ. 2009ರ ಚಳಿಗಾಲ ಅದು. ಹೈದರಾಬಾದಿನ ಕೊನೆಯ ಪರೀಕ್ಷೆಗೆ ಹತ್ತು ರೋಗಿಗಳ ವಿವರ ಬರೆದೊಯ್ಯಬೇಕಿತ್ತು. ಒಂಬತ್ತು ಸಿದ್ಧವಾಗಿದ್ದವು. ಬಸಿರಿನ ನಾಡಿಯೊಂದು ಸಿಕ್ಕರೆ ಹತ್ತಾಗುತ್ತಿತ್ತು.

ಆಗ ಹೆಪ್ಸಿಬಾ ಅವರ ಕೆಲಸವಿದ್ದದ್ದು ಔರಾದ ತಾಲ್ಲೂಕಿನ ಡಾಬಕಾದಲ್ಲಿ. ಅಲ್ಲಿಯ ಕೌಸಲ್ಯಾಬಾಯಿಯ ಸೊಸೆ ಮಹಾಮಾಯಾಳಿಗೆ ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಿರಲಿಲ್ಲ. ಸೊಸೆಗೆ ಕೆಮ್ಮು ನೆಗಡಿಯಾಗಿ ವಾರವಾಗಿತ್ತು. ಮುಟ್ಟು ನಿಂತು ನಲವತ್ತು ದಿನ ಮೇಲಾಗಿತ್ತು. ಹೆಪ್ಸಿಬಾ ಆಕೆಯ ಮಣಿಕಟ್ಟು ಹಿಡಿದರು. ಬೆರಳ ಕೆಳಗೆ ಮುತ್ತುಗಳು ಉರುಳಿದವು. ಅವರ ಚೀಲದಲ್ಲಿ ಸರಕಾರ ಕೊಟ್ಟ ಬಸಿರು ಪರೀಕ್ಷೆಯ ಪಟ್ಟಿಗಳಿದ್ದವು. ಎರಡು ಹನಿ ಮೂತ್ರ, ಐದು ನಿಮಿಷ, ಅಷ್ಟೇ ಕೆಲಸ. ಮಹಾಮಾಯಾಳೇ ಅದನ್ನು ನೆನಪಿಸಿದಳು.

“ಆ ಪಟ್ಟಿ ಹಚ್ಚಿ ನೋಡ್ರಿ ಸಿಸ್ಟರ, ನನಗ ಅಂಜಿಕಿ ಆಗ್ಲತ್ತದ.”

“ಪಟ್ಟಿ ಯಾಕ ಬೇಕವ್ವ? ನನ್ನ ಬೆರಳೇ ಹೇಳ್ಲತ್ತಾವಲ್ಲ. ನೀ ತಾಯಿ ಆಗ್ತಿ” ಎಂದರು ಹೆಪ್ಸಿಬಾ.

ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ಅಂದು ಕೊಡ ತುಂಬಿರಲಿಲ್ಲ, ತುಳುಕಿತು. ಕೌಸಲ್ಯಾಬಾಯಿ ಸಂಜೆಯೊಳಗೆ ಓಣಿಗೆಲ್ಲ ಪೇಡಾ ಹಂಚಿದರು. ಹಳೆಯ ಸೀರೆಗಳನ್ನು ಹರಿದು ಗೇಣುದ್ದದ ಕೌದಿ ಹೊಲಿಯಲು ಕುಳಿತರು. ಎಂಟು ವರ್ಷ ಎಲ್ಲರೂ ಉಂಡ ಮೇಲೆ ತಣ್ಣನೆಯ ರೊಟ್ಟಿ ತಿಂದಿದ್ದ ಮಹಾಮಾಯಾಳಿಗೆ ಮೂರು ವಾರ ಒಲೆಯ ಮೇಲಿನ ಮೊದಲ ರೊಟ್ಟಿ ಸಿಕ್ಕಿತು.

ಮೂರು ವಾರವಾದ ಮೇಲೆ ತಾಯಿ ಕಾರ್ಡು ಮಾಡಿಸಲೆಂದು ಹೆಪ್ಸಿಬಾ ಪಟ್ಟಿ ಹಚ್ಚಿದರು. ಒಂದೇ ಗೆರೆ ಬಂತು. ಇನ್ನೊಂದು ಪಟ್ಟಿ ಹಚ್ಚಿದರು, ಒಂದೇ ಗೆರೆ. ಔರಾದ ಆಸ್ಪತ್ರೆಗೆ ತಾವೇ ಕರೆದುಕೊಂಡು ಹೋದರು. ಬಸಿರು ಇರಲೇ ಇಲ್ಲ, ಥೈರಾಯ್ಡ್ ದೋಷದಿಂದ ಮುಟ್ಟು ನಿಂತಿದೆ, ಗುಳಿಗೆ ತೆಗೆದುಕೊಂಡರೆ ಸರಿಹೋಗುತ್ತದೆ ಎಂದರು ಡಾಕ್ಟರು. ನಾಡಿ ಜಾರಿದ್ದು ಎದೆಯ ಕಫಕ್ಕೆ. ತಿರುಗಿ ಬರುವಾಗ ಬಸ್ಸಿನಲ್ಲಿ ಮಹಾಮಾಯಾ ಊರು ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳಂತೆ.

ಡಾಕ್ಟರ ಮಾತನ್ನು ಮನೆಯಲ್ಲಿ ಹೇಳುವ ಧೈರ್ಯ ಆ ಹೆಣ್ಣುಮಗಳಿಗೆ ಬರಲಿಲ್ಲ. ‘ಈಗ ಏನೂ ಇಲ್ಲಂತ’ ಎಂದಷ್ಟೇ ಹೇಳಿದಳು. ಅಷ್ಟು ಸಾಕಾಯಿತು. ಕೊಡ ಹೊತ್ತು ಬಸಿರು ಕೆಡಿಸಿಕೊಂಡಳೆಂದು ಅತ್ತೆ ಓಣಿಯ ತುಂಬ ಹೇಳಿಕೊಂಡು ಅತ್ತರು. ರೊಟ್ಟಿ ಮತ್ತೆ ತಣ್ಣಗಾಯಿತು. ಬಂಜೆ ಎಂಬ ಮಾತಿನ ಜೊತೆಗೆ ಈಗ ಮಗುವನ್ನು ಕೊಂದವಳು ಎಂಬ ಮಾತೂ ಸೇರಿತು.

ಸುದ್ದಿ ಹೆಪ್ಸಿಬಾ ಅವರಿಗೆ ಮುಟ್ಟಿದಾಗ ಜೊತೆಯ ನೌಕರರೊಬ್ಬರು ಬುದ್ಧಿ ಹೇಳಿದರು: ಸುಮ್ಮನಿದ್ದುಬಿಡಿ, ಬಸಿರು ನಿಲ್ಲಲಿಲ್ಲ ಎಂದು ಊರೇ ನಂಬಿದೆ, ನಿಮ್ಮ ಹೆಸರೂ ಉಳಿಯಿತು, ನೌಕರಿಯೂ ಉಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ನಿಜವೇ. ಆದರೆ ಆಡಿದ ಮಾತಿನ ಭಾರ ಆಡಿದವರ ತಲೆಯ ಮೇಲಿರಬೇಕೋ, ಕೇಳಿ ನಂಬಿದವಳ ತಲೆಯ ಮೇಲಿರಬೇಕೋ? ಹೆದರಿಕೆ ಇತ್ತು, ಅದನ್ನು ಅಕ್ಕೋರು ಮುಚ್ಚಿಡುವುದಿಲ್ಲ. ಒಮ್ಮೆ ಊರ ಅಗಸಿ ಬಾಗಿಲವರೆಗೆ ಹೋಗಿ ತಿರುಗಿ ಬಂದಿದ್ದರಂತೆ.

ಎರಡನೆಯ ಸಲ ತಿರುಗಲಿಲ್ಲ. ಶೇಂಗಾ ಒಡೆಯಲು ಓಣಿಯ ಹೆಂಗಸರೆಲ್ಲ ಕೌಸಲ್ಯಾಬಾಯಿಯ ಅಂಗಳದಲ್ಲಿ ಸೇರಿದ್ದ ಹೊತ್ತು ನೋಡಿಯೇ ಹೋದರು. ಚಾಪೆ ಹಾಸಿದರೆ ಕುಳಿತುಕೊಳ್ಳಲಿಲ್ಲ.

“ಕೌಸಲ್ಯಾಬಾಯಿ, ಇಕಿ ಏನೂ ಕೆಡಿಸ್ಕೊಂಡಿಲ್ಲ. ಇದ್ರ ಕೆಡಬೇಕಲ್ಲ? ಬಸರು ಇರಲೇ ಇಲ್ಲ. ಚೀಲದಾಗ ಪಟ್ಟಿ ಇಟ್ಕೊಂಡು, ಇಕಿ ಕೇಳಿದ್ರೂ ಹಚ್ಚದೇ ಶಾಣ್ಯಾತನ ಮಾಡಿದಾಕಿ ನಾನು. ತಪ್ಪು ನಂದು. ಬೈಯೋದಿದ್ರ ನನಗ ಬೈರಿ.”

ಕೌಸಲ್ಯಾಬಾಯಿ ಮೊರ ಕೆಳಗಿಟ್ಟರು.

“ನಿಮ್ಮ ಚೀನಾದ ಆಟ ಆಡ್ಲಿಕ್ಕ ನಮ್ಮ ಮನೀನೇ ಬೇಕಾಗಿತ್ತೇನ್ರಿ? ಊರಿಗೆಲ್ಲ ಪೇಡಾ ಹಂಚೀನಿ ನಾ!”

“ಹೌದ್ರಿ. ಅದಕ್ಕಽ ಊರ ಮುಂದನೇ ಹೇಳ್ಲತ್ತೇನಿ” ಎಂದರು ಹೆಪ್ಸಿಬಾ. ತಿರುಗಿ ಮಹಾಮಾಯಾಳ ಮುಂದೆ ನಿಂತು ಕೈಮುಗಿದರು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಇದರ ಫಲವನ್ನು ಹೆಪ್ಸಿಬಾ ಅನುಭವಿಸಿದರು. ದೂರಿನ ಅರ್ಜಿ ಹೋಗಿ ಮೇಲಿನಿಂದ ಎಚ್ಚರಿಕೆಯ ಪತ್ರ ಬಂತು. ವರ್ಷದವರೆಗೆ ಡಾಬಕಾದ ಕೆಲವು ಮನೆಗಳಲ್ಲಿ ನೀರು ಸಹ ಕೊಡಲಿಲ್ಲ. ಹತ್ತನೆಯ ರೋಗಿಯ ವಿವರವನ್ನು ಇದ್ದದ್ದು ಇದ್ದಂತೆ ಬರೆದುಕೊಟ್ಟರು; ಹೈದರಾಬಾದಿನ ಗುರುಗಳು ಅವರನ್ನು ನಪಾಸು ಮಾಡಿದರು. ಮರುವರ್ಷ ಮತ್ತೆ ಪರೀಕ್ಷೆ ಕಟ್ಟಿ ಪಾಸಾದರೂ, ಯಾರ ನಾಡಿಯನ್ನೂ ಮುಟ್ಟುವ ಮನಸ್ಸಾಗದೆ ನೋಟುಬುಕ್ಕುಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದರು.

ಹೀಗೆ ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಔರಾದ ಬಸ್ಸಿಳಿದು, ವಿಳಾಸ ಕೇಳಿಕೊಂಡು, ಮಹಾಮಾಯಾ ಚಿದ್ರಿಯ ಮನೆಗೆ ಬಂದಳು. ಅರ್ಧ ಚೀಲ ತೊಗರಿಬೇಳೆ ತಂದಿದ್ದಳು. ಗುಳಿಗೆಯಿಂದ ಮುಟ್ಟು ಸರಿಹೋಗಿತ್ತು, ಮಕ್ಕಳಾಗಿರಲಿಲ್ಲ. ಚಹಾ ಕುಡಿದು ಬಟ್ಟಲು ಪಕ್ಕಕ್ಕಿಟ್ಟು ಬಲಗೈ ಮುಂದೆ ಚಾಚಿದಳು.

“ಏನೂ ಹೇಳಬ್ಯಾಡ್ರಿ ಸಿಸ್ಟರ. ಬರೇ ಹಿಡೀರಿ.”

ಹೆಪ್ಸಿಬಾ ಹಿಡಿದರು. ಎಷ್ಟು ಹೊತ್ತೆಂಬುದು ಇಬ್ಬರಿಗೂ ನೆನಪಿಲ್ಲ. ಆ ವಾರವೇ ನೋಟುಬುಕ್ಕುಗಳು ಅಟ್ಟದಿಂದ ಕೆಳಗಿಳಿದವು, ಮುಂದಿನ ವರ್ಷ ಶನಿವಾರದ ತರಗತಿ ಶುರುವಾಯಿತು.

ಹದಿಮೂರು ವರ್ಷಗಳಲ್ಲಿ ಆ ಪಡಸಾಲೆಯಲ್ಲಿ ಕುಳಿತೆದ್ದವರು ಅರವತ್ತಕ್ಕೂ ಹೆಚ್ಚು. ಪ್ರತಿ ಹೊಸ ತಂಡಕ್ಕೂ ಮೊದಲ ಪಾಠ ಯಿನ್ ಅಲ್ಲ, ಯಾಂಗ್ ಅಲ್ಲ. ಡಾಬಕಾದ ಈ ಕಥೆಯೇ. ಗುಳಿಗೆ ಬಿಡಿಸಿ ಬೇರು ಕುಡಿಸುವವರನ್ನು ಅವರು ತರಗತಿಯಿಂದಲೇ ಎಬ್ಬಿಸಿ ಕಳಿಸಿದ್ದಾರೆ. ಎಡತೋಳು ನೋಯುತ್ತದೆಂದು ಬಂದ ನೆರೆಮನೆಯವರ ನಾಡಿ ಹಿಡಿಯಲು ನಾವು ಸಾಲುಗಟ್ಟಿದಾಗ, ನಮ್ಮನ್ನು ಬೈದು, ಆಟೋ ತರಿಸಿ, ತಾವೇ ಆಸ್ಪತ್ರೆಗೆ ಒಯ್ದು ಆ ಜೀವ ಉಳಿಸಿದರು. ಈ ಬಸವಕಿರಣ ಒಮ್ಮೆ ‘ಕಡುನೇರಳೆ ನಾಲಿಗೆ, ರಕ್ತ ಹೆಪ್ಪುಗಟ್ಟಿದ ಲಕ್ಷಣ’ ಎಂದು ಗಂಭೀರವಾಗಿ ಬರೆದುಕೊಂಡು ಹೋದಾಗ, ರೋಗಿಯನ್ನು ಕರೆಸಿ, ಏನು ತಿಂದು ಬಂದಿರೆಂದು ಕೇಳಿದರು. ಆತ ನೇರಳೆ ಹಣ್ಣು ಮಾರುವವನಾಗಿದ್ದ. ತರಗತಿಯೆಲ್ಲ ನಕ್ಕಿತು. ಅಕ್ಕೋರು ಮಾತ್ರ ನಗದೆ ಪಕ್ಕಕ್ಕೆ ಕರೆದು, “ನೀ ಕೇಳಲಿಲ್ಲ ನೋಡು. ನಾನೂ ಕೇಳಿದ್ದಿಲ್ಲ” ಎಂದಷ್ಟೇ ಹೇಳಿದರು. ಅಂಥ ಗುರುವನ್ನು ಪಡೆದದ್ದು ನಮ್ಮ ಪುಣ್ಯವೆಂದು ಇಲ್ಲಿ ಸಂಕೋಚವಿಲ್ಲದೆ ಬರೆಯುತ್ತೇವೆ.

ಸರಕಾರಿ ಕೆಲಸದಿಂದ ಬಿಡುವಾದ ಅವರು ಇನ್ನು ಮೂಲಿಕೆಗಳ ಬಗೆಗಿನ ತಮ್ಮ ಟಿಪ್ಪಣಿಗಳನ್ನು ಕನ್ನಡದಲ್ಲಿ ಪುಸ್ತಕವಾಗಿಸುವ ಮನಸ್ಸು ಮಾಡಿದ್ದಾರೆ. ಕಣ್ಣು, ಕೈ, ಮನಸ್ಸು ಮೂರೂ ಅವರಿಗೆ ಒದಗಿ ಬರಲಿ, ಜಾಕ್ಸನ ಮಾಸ್ತರರ ರೊಟ್ಟಿ ಇನ್ನಷ್ಟು ತೆಳ್ಳಗಾಗಲಿ, ಶನಿವಾರಗಳು ನಿಲ್ಲದಿರಲಿ.

ಈ ಸಂಪುಟಕ್ಕೆ ಮಹಾಮಾಯಾ ಅವರಿಂದಲೂ ಒಂದು ಲೇಖನ ಕೇಳಿದ್ದೆವು. ತಮಗೆ ಬರೆಯಲು ಬಾರದೆಂದು ಅವರು ಫೋನಿನಲ್ಲಿ ಮೂರು ಮಾತು ಹೇಳಿದರು. ಲೇಖನಕ್ಕೆ ಅದು ಸಾಲದೆಂದು ಸಂಪಾದಕರು ನಮಗೆ ದಾಟಿಸಿದ್ದಾರೆ. ನಾವು ಹಾರೈಸಬೇಕಾದ್ದೂ ಅದರಲ್ಲೇ ಇರುವುದರಿಂದ ಅಕ್ಷರ ಬದಲಿಸದೆ ಕೊಡುತ್ತಿದ್ದೇವೆ:

“ಸಿಸ್ಟರ ನೂರು ವರ್ಷ ಬಾಳ್ಲಿರಿ. ನಮ್ಮ ಅತ್ತಿ ಸಾಯೋತನಕ ಮತ್ತ ನನಗ ಬಂಜಿ ಅನ್ನಲಿಲ್ಲ. ಇಷ್ಟು ವರ್ಷದ ಬಾಳೇದಾಗ ನನ್ನ ಮುಂದ ನಿಂತು ‘ತಪ್ಪು ನಂದು’ ಅಂದವ್ರು ಇವ್ರೊಬ್ರೇ ನೋಡ್ರಿ.”